ನಾಲ್ಕು ಹಂದಿ ರೂಪಾಯಿ, ನಾಲ್ಕು ಬೆಲೆ: ಅಪರೂಪದ ನಾಣ್ಯಕ್ಕೆ ಎಷ್ಟು ಕೊಡಬಹುದು?

ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನ. ಒಂದೇ ಹಾಲ್, ಒಂದೇ ಮಧ್ಯಾಹ್ನ, ಒಂದೇ ನಾಣ್ಯಕ್ಕೆ ನಾಲ್ಕು ಬೆಲೆ. ನಾನು ಹುಡುಕಿಕೊಂಡು ಹೋಗಿದ್ದು 1911ರ ಬೆಳ್ಳಿ ರೂಪಾಯಿ, ಐದನೇ ಜಾರ್ಜ್ ದೊರೆಯದ್ದು. ಮೊದಲ ಟೇಬಲ್‌ನವರು 2,200 ಅಂದರು. ಅವರ ಪಕ್ಕದವರು 3,000. ಆಚೆ ಸಾಲಿನಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದ ಹಿರಿಯರು 4,500. ಬಾಗಿಲ ಹತ್ತಿರ ಗಾಜಿನ ಪೆಟ್ಟಿಗೆ, ಲೈಟು ಎಲ್ಲಾ ಇಟ್ಟುಕೊಂಡಿದ್ದವರು 30,000!

ಜೊತೆಗೆ ಬಂದಿದ್ದ ತಂಗಿಯ ಮಗ, "ಮಾಮ, ಆ 2,200ರದ್ದು ತಗೊಳ್ಳಿ. ಎಲ್ಲಾ ಒಂದೇ ಅಲ್ವಾ?" ಅಂದ.

ಒಂದೇ ಅಲ್ಲ. ಆದರೆ ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ನಾಣ್ಯ ಕೊಳ್ಳಲು ಹೊಸದಾಗಿ ಹೊರಟವರೆಲ್ಲ ಇದನ್ನೇ ಕೇಳುತ್ತಾರೆ. ಆ ನಾಲ್ಕು ನಾಣ್ಯಗಳನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ಇಲ್ಲಿರುವ ಬೆಲೆಗಳು ಅವತ್ತು ಆ ಹಾಲ್‌ನಲ್ಲಿ ಕೇಳಿದವು. ಇವತ್ತಿನ ಮಾರುಕಟ್ಟೆ ದರ ಅಂತ ತಿಳಿಯಬೇಡಿ.

ಹಂದಿ ಎಲ್ಲಿಂದ ಬಂತು

ಈ ರೂಪಾಯಿಗೆ ಸಂಗ್ರಾಹಕರ ಬಾಯಲ್ಲಿ 'ಪಿಗ್ ರುಪೀ', ಹಂದಿ ರೂಪಾಯಿ ಅಂತಲೇ ಹೆಸರು. ನಾಣ್ಯದ ಮೇಲೆ ದೊರೆ ಕಿರೀಟ, ನಿಲುವಂಗಿ ಹಾಕಿಕೊಂಡಿದ್ದಾನೆ. ನಿಲುವಂಗಿಯ ಮೇಲೆ ಒಂದು ಪದಕದ ಹಾರ, ಆ ಹಾರದಲ್ಲಿ ಒಂದು ಪುಟ್ಟ ಆನೆ. ಅಚ್ಚು ಕೆತ್ತುವಾಗ ಸೊಂಡಿಲು ಮೊಟಕಾಯಿತು. ಕಾಲೂ ಗಿಡ್ಡವಾಯಿತು. ಜನ ನೋಡಿದರು, ಆನೆ ಕಾಣಲಿಲ್ಲ, ಹಂದಿ ಕಂಡಿತು. ಮುಸ್ಲಿಮರಿಗೆ ಸಿಟ್ಟು ಬಂತು. ಗಲಾಟೆಯಾಯಿತು. ಸರ್ಕಾರ ನಾಣ್ಯ ಹಂಚುವುದನ್ನೇ ನಿಲ್ಲಿಸಿತು. 1912ರ ನಾಣ್ಯದಲ್ಲಿ ಸೊಂಡಿಲು ಉದ್ದವಾಗಿದೆ, ಆನೆ ಆನೆಯಂತೆಯೇ ಇದೆ.

ಒಟ್ಟು ಸುಮಾರು 94 ಲಕ್ಷ ರೂಪಾಯಿ ಟಂಕಿಸಿದ್ದರು. ಜನರ ಕೈಗೆ ಹೋದದ್ದು 7 ಲಕ್ಷದಷ್ಟು, ಉಳಿದದ್ದು ಮತ್ತೆ ಕುಲುಮೆಗೆ ಹೋಯಿತು ಅಂತ ನಾಣ್ಯದ ಪುಸ್ತಕಗಳು ಹೇಳುತ್ತವೆ.

ಬೆಲೆಯ ವಿಷಯ ಶುರುವಾಗುವುದೇ ಇಲ್ಲಿ. 7 ಲಕ್ಷ ಅಂದರೆ ಜಾಸ್ತಿಯೋ ಕಡಿಮೆಯೋ? ಅದೇ ದೊರೆಯ 1918ರ ರೂಪಾಯಿ ಕೋಟಿಗಟ್ಟಲೆ ಬಂದಿದೆ. ಅದರ ಮುಂದೆ ಇದು ಕಡಿಮೆ. ಆದರೆ ನಿಜವಾಗಿ ಸಿಗದ ನಾಣ್ಯಗಳ ಪಕ್ಕ ಇಟ್ಟರೆ ಇದು ಧಾರಾಳ. ಪ್ರತಿ ಪ್ರದರ್ಶನದಲ್ಲೂ ನಾಲ್ಕೈದು ಸಿಗುತ್ತವೆ. ಇದರ ಬೆಲೆ ಏರಿಸಿರುವುದು ಅಪರೂಪಕ್ಕಿಂತ ಅದರ ಕಥೆ. ಕಥೆ ಇರುವ ನಾಣ್ಯ ಎಲ್ಲರಿಗೂ ಬೇಕು. ಹಾಗಾಗಿ ಮಾರುವವರು ಕಥೆಯನ್ನು ದೊಡ್ಡದಾಗಿ ಹೇಳಿ, ನಾಣ್ಯವನ್ನು ಬೇಗ ಬೇಗ ತೋರಿಸುತ್ತಾರೆ. ನಾವು ಕಥೆ ಮನೆಯಲ್ಲೇ ಓದಿಕೊಂಡು ಹೋಗಿ, ಅಲ್ಲಿ ನಾಣ್ಯ ಮಾತ್ರ ನೋಡಬೇಕು.

ಮೊದಲು ತಳದ ಬೆಲೆ

ಬೆಳ್ಳಿ ನಾಣ್ಯವಾದರೆ ಒಂದು ಲೆಕ್ಕ ಕಣ್ಣು ಮುಚ್ಚಿಕೊಂಡು ಮಾಡಬಹುದು. ಬ್ರಿಟಿಷ್ ಕಾಲದ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅಕ್ಕಸಾಲಿಗರು ತಕ್ಕಡಿಗೆ ರೂಪಾಯಿ ಬಿಲ್ಲೆಯನ್ನೇ ಹಾಕಿ ತೂಗುತ್ತಿದ್ದರು. ಮನೆಮದ್ದು ಹೇಳುವ ಅಜ್ಜಿಯರ ಬಾಯಲ್ಲಿ 'ಒಂದು ರೂಪಾಯಿ ತೂಕ' ಅನ್ನುವ ಮಾತು ಈಗಲೂ ಇದೆ. ಈ 11.66 ಗ್ರಾಂನಲ್ಲಿ ಶೇ. 91.7 ಬೆಳ್ಳಿ. ಶುದ್ಧ ಬೆಳ್ಳಿ ಎಂದರೆ 10.69 ಗ್ರಾಂ.

ಬೆಳ್ಳಿ ಗ್ರಾಂಗೆ 100 ರೂಪಾಯಿ ಇದ್ದರೆ ಬಿಲ್ಲೆಯ ಬೆಳ್ಳಿ ಬೆಲೆ ಸುಮಾರು 1,070. 200 ಇದ್ದರೆ 2,140. ಅವತ್ತು ಬೆಳ್ಳಿ 100ರ ಆಸುಪಾಸಿನಲ್ಲಿತ್ತು. ಅಂದರೆ ನಾಲ್ಕೂ ನಾಣ್ಯಗಳಿಗೆ ತಳ ಸಾವಿರ ರೂಪಾಯಿ. ಅದರ ಮೇಲೆ ಕೇಳುವ ಒಂದೊಂದು ರೂಪಾಯಿಗೂ ಕಾರಣ ಬೇಕು.

1940ರಿಂದ 1945ರವರೆಗಿನ ರೂಪಾಯಿಗೆ ಈ ಲೆಕ್ಕ ಹಾಕಬೇಡಿ. ಯುದ್ಧದ ಕಾಲ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದ್ದರು. 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಬರೀ ನಿಕಲ್. ಆದರೂ ಅದರಲ್ಲಿರುವ ಹುಲಿಯನ್ನು ತೋರಿಸಿ 'ಬೆಳ್ಳಿ ಹುಲಿ' ಅಂತ ಮಾರುವವರನ್ನು ನೋಡಿದ್ದೇನೆ.

ಯಾವ ಬೆಲೆಯನ್ನು ನಂಬಬೇಕು?

ಒಂದು ನಾಣ್ಯದ ಬಗ್ಗೆ ಹುಡುಕಿದರೆ ನಾಲ್ಕು ಥರದ ಬೆಲೆ ಸಿಗುತ್ತದೆ: ಕೇಳುವ ಬೆಲೆ, ಕ್ಯಾಟಲಾಗ್ ಬೆಲೆ, ಹರಾಜಿನಲ್ಲಿ ನಿಜವಾಗಿ ಹೋದ ಬೆಲೆ, ಮತ್ತು ವ್ಯಾಪಾರಿ ನಿಮ್ಮಿಂದ ಕೊಳ್ಳುವ ಬೆಲೆ. ಹೊಸಬರು ನೋಡುವುದು ಮೊದಲನೆಯದನ್ನೇ, ಯಾಕೆಂದರೆ ಫೋನಿನಲ್ಲಿ ಬೇಗ ಸಿಗುವುದು ಅದೇ.

ಕೇಳುವ ಬೆಲೆ ಬೆಲೆಯೇ ಅಲ್ಲ. ನಾನು ನಾಳೆ ನನ್ನ ಹಳೇ ಸ್ಕೂಟರನ್ನು 10 ಲಕ್ಷಕ್ಕೆ ಅಂತ ಹಾಕಬಹುದು. ಅದು ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ನಾಣ್ಯದಲ್ಲೂ ಅಷ್ಟೇ. ಮಾರಾಟವಾಗದೆ ಉಳಿದವೇ ಕಣ್ಣಿಗೆ ಬೀಳುತ್ತವೆ, ಸರಿಯಾದ ಬೆಲೆಗೆ ಹಾಕಿದ್ದು ಆಗಲೇ ಹೋಗಿರುತ್ತದೆ.

ಕ್ಯಾಟಲಾಗ್ ಬೇರೆ ಕೆಲಸಕ್ಕೆ ಒಳ್ಳೆಯದು. ಪ್ರಪಂಚದ ನಾಣ್ಯಗಳಿಗೆಲ್ಲ ನಂಬರ್ ಕೊಟ್ಟಿರುವ ಕ್ರೌಸ್ ಕ್ಯಾಟಲಾಗ್‌ನಲ್ಲಿ 1911ರ ರೂಪಾಯಿ ಕೆಎಂ 523. ಸೊಂಡಿಲು ಸರಿಮಾಡಿದ 1912ರ ನಂತರದ್ದು ಕೆಎಂ 524. ಎರಡೂ ಬೇರೆ ಬೇರೆ ನಾಣ್ಯ ಅಂತ ಗುರುತಿಸಲು ಇದು ಬೇಕು. ಆದರೆ ಅದರಲ್ಲಿ ಅಚ್ಚಾದ ಬೆಲೆ ಡಾಲರ್‌ನಲ್ಲಿದೆ, ಅಚ್ಚಾದ ವರ್ಷಕ್ಕೇ ನಿಂತಿದೆ. ನಮ್ಮ ಊರಿನ ಸಂಗ್ರಾಹಕರು ಈ ವರ್ಷ ಯಾವುದರ ಹಿಂದೆ ಬಿದ್ದಿದ್ದಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ನಾನು ನಂಬುವುದು ಹರಾಜಿನ ಫಲಿತಾಂಶವನ್ನು. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ಟೋಡಿವಾಲಾ, ಅಹಮದಾಬಾದಿನ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ಯಾಲರಿ, ಇಂಥವರ ಹಳೆಯ ಹರಾಜುಗಳ ಪಟ್ಟಿ ಹುಡುಕಿ ನೋಡಿ. ಫೋಟೋ ಇರುತ್ತದೆ, ಗ್ರೇಡ್ (ನಾಣ್ಯದ ಸ್ಥಿತಿ ಎಷ್ಟು ಚೆನ್ನಾಗಿದೆ ಅನ್ನುವ ದರ್ಜೆ) ಇರುತ್ತದೆ, ಎಷ್ಟಕ್ಕೆ ಹೋಯಿತು ಅಂತಲೂ ತಿಳಿಯುತ್ತದೆ. ಒಬ್ಬರು ಜೇಬಿನಿಂದ ದುಡ್ಡು ತೆಗೆದು ಕೊಟ್ಟ ಬೆಲೆ ಅದು.

ಆದರೂ ಒಂದು ಎಚ್ಚರ. ಪಟ್ಟಿಯಲ್ಲಿ ಕಾಣುವುದು ಸಾಮಾನ್ಯವಾಗಿ ಹ್ಯಾಮರ್ ಬೆಲೆ, ಅಂದರೆ ಸುತ್ತಿಗೆ ಬಿದ್ದಾಗಿನ ಬೆಲೆ. ಕೊಂಡವರು ಅದರ ಮೇಲೆ ಹರಾಜುದಾರರ ಪ್ರೀಮಿಯಂ, ಜಿಎಸ್‌ಟಿ, ಕೊರಿಯರ್ ಖರ್ಚು ಕೊಡಬೇಕು. 4,000ಕ್ಕೆ ಸುತ್ತಿಗೆ ಬಿತ್ತು, ಪ್ರೀಮಿಯಂ ಶೇ. 15 ಅಂದುಕೊಳ್ಳಿ. ಆಗಲೇ 4,600 ಆಯಿತು. ಮಿಕ್ಕಿದ್ದೆಲ್ಲ ಸೇರಿ 5,000ದ ಹತ್ತಿರ ಹೋಗುತ್ತದೆ. 'ಹರಾಜಿನಲ್ಲಿ 4,000ಕ್ಕೇ ಹೋಗಿದೆ' ಅಂತ ಟೇಬಲ್ ಮುಂದೆ ನಿಂತು ವಾದ ಮಾಡಿದರೆ ಆ ವ್ಯಾಪಾರಿ ನಗುತ್ತಾರೆ. ನಗುವುದೂ ಸರಿಯೇ. ಮತ್ತೆ, ಒಂದೇ ಫಲಿತಾಂಶ ನೋಡಿ ತೀರ್ಮಾನಿಸಬೇಡಿ. ಅವತ್ತು ಇಬ್ಬರು ಹಠಕ್ಕೆ ಬಿದ್ದಿದ್ದರೆ ಬೆಲೆ ಆಕಾಶಕ್ಕೆ ಹೋಗಿರುತ್ತದೆ. ನಾನು ಕೊನೆಯ ಎರಡು ವರ್ಷದ ಏಳೆಂಟು ಫಲಿತಾಂಶ ತೆಗೆದು, ತೀರಾ ಮೇಲಿನದನ್ನೂ ತೀರಾ ಕೆಳಗಿನದನ್ನೂ ಬಿಟ್ಟು ನೋಡುತ್ತೇನೆ.

ನಾಲ್ಕನೆಯ ಬೆಲೆ ತಿಳಿಯಬೇಕಾದರೆ ಅಲ್ಲೇ ಕೇಳಬೇಕು. "ಇದೇ ನಾಣ್ಯವನ್ನು ಮುಂದಿನ ವರ್ಷ ತಂದುಕೊಟ್ಟರೆ ಎಷ್ಟಕ್ಕೆ ತಗೋತೀರಿ ಸಾರ್?" ಉತ್ತರಕ್ಕಿಂತ ಮುಖ ಹೆಚ್ಚು ಹೇಳುತ್ತದೆ.

ಈಗ ನಾಲ್ಕೂ ಬಿಲ್ಲೆಗಳನ್ನು ಹತ್ತಿರದಿಂದ

ನನ್ನ ಚೀಲದಲ್ಲಿ ಮೂರು ಸಾಮಾನು ಯಾವಾಗಲೂ ಇರುತ್ತವೆ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಗ್ರಾಂನ ನೂರನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ, ಒಂದು ಅಯಸ್ಕಾಂತ. ಎಲ್ಲಾ ಸೇರಿ ಒಂದು ಒಳ್ಳೆ ಊಟದ ಖರ್ಚು.

2,200ರ ನಾಣ್ಯ ಫಳಫಳ ಹೊಳೆಯುತ್ತಿತ್ತು. ತಂಗಿಯ ಮಗನಿಗೆ ಇಷ್ಟವಾಗಿದ್ದೇ ಅದಕ್ಕೆ. ನನಗೆ ಅನುಮಾನ ಬಂದಿದ್ದೂ ಅದಕ್ಕೇ. ನೂರು ವರ್ಷದ ಬೆಳ್ಳಿ ಸ್ಟೀಲ್ ಲೋಟದ ಹಾಗೆ ಯಾಕೆ ಹೊಳೆಯಬೇಕು? ಭೂತಗನ್ನಡಿ ಹಿಡಿದರೆ ದೊರೆಯ ಕೆನ್ನೆಯಿಂದ ಹಿಡಿದು ಅಕ್ಷರಗಳ ತನಕ ಕೂದಲೆಳೆಯಂಥ ಗೀರುಗಳು, ಎಲ್ಲಾ ಒಂದೇ ದಿಕ್ಕಿಗೆ. ಯಾರೋ ಚೆನ್ನಾಗಿ ಉಜ್ಜಿದ್ದಾರೆ.

ನಮ್ಮ ಮನೆಗಳಿಂದ ಬರುವ ನಾಣ್ಯಗಳ ಕಥೆ ಇದೇ. ಬೆಳ್ಳಿ ರೂಪಾಯಿ ದೇವರ ಮನೆಯಲ್ಲಿರುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೊರಗೆ ಬರುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ, ವಿಭೂತಿಯಲ್ಲಿ ಉಜ್ಜುತ್ತಾರೆ, ಅರಿಶಿನ ಕುಂಕುಮ ಹಚ್ಚುತ್ತಾರೆ. ಮುಂದಿನ ವರ್ಷ ಮತ್ತೆ ಅದೇ. ಐವತ್ತು ವರ್ಷ ಹೀಗೆ ಪೂಜೆ ಮಾಡಿಸಿಕೊಂಡ ನಾಣ್ಯಕ್ಕೆ ಲಕ್ಷ್ಮಿಯ ಕೃಪೆ ಇದ್ದೀತು, ಸಂಗ್ರಾಹಕನ ಕೃಪೆ ಇರುವುದಿಲ್ಲ. ನಿಮ್ಮ ಮನೆಯಲ್ಲೂ ಇದ್ದರೆ ಮಾರುವ ಮುಂಚೆ 'ಸ್ವಲ್ಪ ಕ್ಲೀನ್ ಮಾಡಿ ಕೊಡೋಣ' ಅನ್ನುವ ಯೋಚನೆ ಖಂಡಿತ ಬೇಡ. ಐದು ನಿಮಿಷದ ಹುಣಸೆಹಣ್ಣು ಅರ್ಧ ಬೆಲೆ ತಿನ್ನುತ್ತದೆ.

ನಿಜವಾದ ಹೊಳಪು ಬೇರೆ ಥರ. ದೀಪದ ಕೆಳಗೆ ನಾಣ್ಯವನ್ನು ಮೆಲ್ಲಗೆ ಓರೆ ಮಾಡಿದರೆ ಬೆಳಕು ಗಿರಿಗಿಟ್ಲೆಯ ಹಾಗೆ ಸುತ್ತುತ್ತದೆ. ಉಜ್ಜಿದ ನಾಣ್ಯದಲ್ಲಿ ಎಲ್ಲಾ ಕಡೆಗೂ ಒಂದೇ ಸಮ ಹೊಳೆಯುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಒಮ್ಮೆ ನೋಡಿದರೆ ಸಾಕು, ಆಮೇಲೆ ಮರೆಯುವುದಿಲ್ಲ.

3,000ದ ನಾಣ್ಯ ನೋಡಲು ಮೊದಲನೆಯದಕ್ಕಿಂತ ಚೆಂದ. ಹದವಾದ ಬೂದು ಬಣ್ಣ, ಅಕ್ಷರ ಸ್ಪಷ್ಟ. ತಕ್ಕಡಿಗೆ ಹಾಕಿದೆ. 11.71 ಬಂತು. ಕಡಿಮೆ ಬಂದರೆ ಸವೆದಿದೆ ಅನ್ನಬಹುದು, ಜಾಸ್ತಿ ಹೇಗೆ ಬರುತ್ತದೆ? ಅಂಚನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದೆ. ಸುತ್ತ ನುಣ್ಣನೆಯ ಗೆರೆಗಳು ಒಂದೇ ಸಮನೆ ಬರುತ್ತಿದ್ದವು, ಕಿರೀಟದ ನೇರಕ್ಕೆ ಬಂದಾಗ ಮೂರು ಮಿಲಿಮೀಟರಿನಷ್ಟು ಜಾಗದಲ್ಲಿ ಮಾಯ. ಅಲ್ಲಿ ಬೆಸುಗೆಯ ಸಣ್ಣ ಉಬ್ಬು. ಇದು ಯಾರದೋ ಕೊರಳಲ್ಲಿ ಪದಕವಾಗಿ ನೇತಾಡಿದ ನಾಣ್ಯ. ಕೊಂಡಿ ಕಿತ್ತು, ಅರ ಹಾಕಿ, ಮೇಲೆ ಕಪ್ಪು ಬಳಿದಿದ್ದಾರೆ. ನಮ್ಮ ಕಡೆ ಕಾಸಿನ ಸರ, ರೂಪಾಯಿ ಸರ ಮಾಡಿಸಿಕೊಳ್ಳುವ ವಾಡಿಕೆ ಇದ್ದುದರಿಂದ ಇಂಥವು ಬಹಳ. ಕಿರೀಟದ ಮೇಲ್ಗಡೆ ಅಂಚನ್ನು ನೋಡುವುದು ನನಗೆ ಈಗ ಅಭ್ಯಾಸವೇ ಆಗಿಬಿಟ್ಟಿದೆ.

ಕೇಳಿದರೆ ಆ ವ್ಯಾಪಾರಿ, "ಅದೆಲ್ಲಾ ಏನು ಕಾಣುತ್ತೆ ಬಿಡಿ ಸಾರ್" ಅಂದರು. ನನಗೆ ಕಂಡಿತಲ್ಲ.

4,500ರದ್ದು ಮೊದಲ ನೋಟಕ್ಕೆ ಸಪ್ಪೆ. ಮಸಕು ಬೂದು, ಅಕ್ಷರಗಳ ಸಂದಿಯಲ್ಲಿ ಕಪ್ಪು. ಆದರೆ ಆ ಕಪ್ಪು ನೂರು ವರ್ಷದ ಕಪ್ಪು, ಬಳಿದದ್ದಲ್ಲ. ಅಂಚು ಪೂರ್ತಿ ಇತ್ತು. ತೂಕ 11.58, ಅಷ್ಟು ಸವೆತ ಸಹಜ. ಕಿರೀಟದ ಹರಳುಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು, ಗಡ್ಡದ ಎಳೆಗಳು ಮಾತ್ರ ಅಲ್ಲಲ್ಲಿ ಕೂಡಿಕೊಂಡಿದ್ದವು. ಹಿಂಬದಿಯಲ್ಲಿ ಕೆಳಗಿನ ತಾವರೆಯ ಕೆಳಗೆ ಸಣ್ಣ ಚುಕ್ಕೆ, ಅಂದರೆ ಬೊಂಬಾಯಿ ಟಂಕಸಾಲೆಯದ್ದು. ಚುಕ್ಕೆ ಇಲ್ಲದಿದ್ದರೆ ಕಲ್ಕತ್ತಾದ್ದು.

ಎಲ್ಲಕ್ಕಿಂತ ಮುಖ್ಯವಾಗಿ, ಹಂದಿ ಇತ್ತು! ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಆನೆ ಇರುವ ಜಾಗ ದೊರೆಯ ಎದೆಯ ಭಾಗ. ನಾಣ್ಯದಲ್ಲಿ ಉಬ್ಬಾಗಿರುವ, ಕೈಯಿಂದ ಕೈಗೆ ಹೋಗುವಾಗ ಬೇಗ ಸವೆಯುವ ಜಾಗ. ಎಷ್ಟೋ 1911ರ ನಾಣ್ಯಗಳಲ್ಲಿ ಇಸವಿ ಇರುತ್ತದೆ, ಹಂದಿ ಸವೆದು ಹೋಗಿರುತ್ತದೆ. ಜನ ಹಂದಿಯ ಕಥೆಗೆ ದುಡ್ಡು ಕೊಟ್ಟು ಹಂದಿ ಇಲ್ಲದ ನಾಣ್ಯ ಮನೆಗೆ ತರುತ್ತಾರೆ.

30,000ದ್ದು ಸ್ಲ್ಯಾಬ್‌ನಲ್ಲಿತ್ತು. ಅಂದರೆ ಎನ್‌ಜಿಸಿ, ಪಿಸಿಜಿಎಸ್‌ನಂಥ ಅಮೆರಿಕದ ಕಂಪನಿಗಳು ನಾಣ್ಯ ಪರೀಕ್ಷಿಸಿ, 70ಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕೊಡುವುದು. 60ರಿಂದ ಮೇಲೆ ಬಳಕೆಯೇ ಆಗದ ನಾಣ್ಯ. ಇದಕ್ಕೆ 62 ಕೊಟ್ಟಿದ್ದರು. ಡಬ್ಬಿಯ ಮೇಲಿನ ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿ, ಅಲ್ಲಿನ ಫೋಟೋದಲ್ಲಿರುವ ಗೀರು, ಕಲೆ ಎಲ್ಲಾ ಇದರಲ್ಲೂ ಇದೆಯಾ ಅಂತ ನೋಡಿದೆ. ಇತ್ತು. ಇದನ್ನು ಮಾಡಲೇಬೇಕು, ಯಾಕೆಂದರೆ ಡಬ್ಬಿಯೇ ನಕಲಿ ಬರುತ್ತದೆ. ಇನ್ನೊಂದು ಮಾತು, ಲೇಬಲ್‌ನಲ್ಲಿ ಅಂಕದ ಬದಲು 'ಡೀಟೇಲ್ಸ್' ಅಂತಿದ್ದರೆ ನಾಣ್ಯ ಅಸಲಿ, ಆದರೆ ಉಜ್ಜಿದ್ದೋ ಬೆಸುಗೆಯದ್ದೋ ಏನೋ ದೋಷವಿದೆ ಅಂತ ಅರ್ಥ. ಡಬ್ಬಿಯಲ್ಲಿದೆ ಅಂದ ಮಾತ್ರಕ್ಕೆ ದುಬಾರಿಯಾಗಬೇಕಿಲ್ಲ.

ಯಾವುದು ನ್ಯಾಯವಾದ ಬೆಲೆ?

ಹರಾಜಿನ ಪಟ್ಟಿಯ ಪ್ರಕಾರ ನೋಡಿದರೆ, ಆ ಮೂರನೆಯ ನಾಣ್ಯದಂಥದ್ದು ಎಲ್ಲಾ ಖರ್ಚು ಸೇರಿ 4,000ದಿಂದ 5,000ದ ನಡುವೆ ಹೋಗಿತ್ತು. ಹಾಗಾಗಿ 4,500 ಮೋಸವಲ್ಲ. ಉಜ್ಜಿದ ನಾಣ್ಯಕ್ಕೆ ನಾನು ಒಳ್ಳೆಯದರ ಅರ್ಧಕ್ಕಿಂತ ಜಾಸ್ತಿ ಕೊಡುವುದಿಲ್ಲ. ಇದು ನನ್ನ ಲೆಕ್ಕ, ಕೆಲವರು ಇನ್ನೂ ಕಡಿಮೆ ಹೇಳುತ್ತಾರೆ. ಆ ಲೆಕ್ಕಕ್ಕೆ 2,200 ಕೂಡ ಸರಿಯೇ. ಆ ವ್ಯಾಪಾರಿ 'ಕ್ಲೀನ್ಡ್' ಅಂತ ಕವರ್ ಮೇಲೆ ಬರೆದೂ ಇದ್ದರು. 30,000 ನನ್ನ ಕೈಗೆ ಎಟುಕದ್ದು, ಆದರೆ ಅಂಥ ನಾಣ್ಯ ಬೇಕೆನ್ನುವವರಿಗೆ ಹರಾಜಿನ ಬೆಲೆಗೆ ತೀರಾ ದೂರವಿರಲಿಲ್ಲ.

ನಾಲ್ಕರಲ್ಲಿ ಕೆಟ್ಟ ವ್ಯಾಪಾರ ಅಂದರೆ 3,000ದ್ದು. ಎಲ್ಲಕ್ಕಿಂತ ದುಬಾರಿಯೂ ಅಲ್ಲ, ಅಗ್ಗವೂ ಅಲ್ಲ, ಮಧ್ಯದ ಬೆಲೆ. ಬೆಸುಗೆ ನಾಣ್ಯಕ್ಕೆ ಬೆಳ್ಳಿ ಬೆಲೆಯ ಮೇಲೆ ಐನೂರು ಕೊಟ್ಟರೆ ಹೆಚ್ಚು. ಮಧ್ಯದ ಬೆಲೆ ಸುರಕ್ಷಿತ ಅಂತ ತರಕಾರಿ ಅಂಗಡಿಯಲ್ಲಿ ನಡೆಯಬಹುದು, ಇಲ್ಲಿ ನಡೆಯುವುದಿಲ್ಲ.

ಒಂದು ವರ್ಷದ ಅಂತರ, ಲಕ್ಷದ ಅಂತರ

ಮೇಲಿನದು ಸಾವಿರಗಳ ಆಟ. ಲಕ್ಷಗಳ ಆಟ ನೋಡಬೇಕಾದರೆ ಆರನೇ ಜಾರ್ಜ್‌ನ 1938 ಮತ್ತು 1939ರ ರೂಪಾಯಿಗಳನ್ನು ಪಕ್ಕದಲ್ಲಿ ಇಡಿ. ಅದೇ ತಲೆ, ಅದೇ ಬೆಳ್ಳಿ, ಅದೇ ತೂಕ. 1938ರದ್ದು ಸುಲಭವಾಗಿ ಸಿಗುತ್ತದೆ. 1939ರದ್ದು ಬೊಂಬಾಯಿಯಲ್ಲಿ ಲಕ್ಷಗಟ್ಟಲೆ ಟಂಕಿಸಿದ್ದೇ ಹೌದು, ಆದರೆ ಯುದ್ಧ ಶುರುವಾಯಿತು, ಬೆಳ್ಳಿಗೆ ಬರ ಬಂತು, ಬಹುಪಾಲು ಹೊರಗೆ ಬರದೆ ಕರಗಿಹೋಯಿತು. ಉಳಿದವು ಬೆರಳೆಣಿಕೆ. ಹಾಗಾಗಿ 'ಎಷ್ಟು ಟಂಕಿಸಿದರು' ಅನ್ನುವ ಅಂಕಿಗಿಂತ 'ಎಷ್ಟು ಉಳಿಯಿತು' ಅನ್ನುವುದು ಮುಖ್ಯ. ಕ್ಯಾಟಲಾಗ್‌ನಲ್ಲಿ ಮೊದಲನೆಯದು ಇರುತ್ತದೆ. ಎರಡನೆಯದು ಹರಾಜಿನಲ್ಲಿ ವರ್ಷಕ್ಕೆ ಎಷ್ಟು ಸಲ ಕಾಣಿಸಿತು ಅನ್ನುವುದರಿಂದಲೇ ಗೊತ್ತಾಗಬೇಕು.

ಇಂಥ ನಾಣ್ಯಕ್ಕೆ ನಕಲಿ ಹುಟ್ಟದೆ ಇರುತ್ತದೆಯೇ? ಒಂದು ಬಗೆ, ಅಸಲಿ 1938ರ ಕೊನೆಯ 8ನ್ನು ಕೊರೆದು 9 ಮಾಡುವುದು. ಭೂತಗನ್ನಡಿಯಲ್ಲಿ ಆ ಅಂಕಿಯ ಸುತ್ತ ಮಾತ್ರ ಲೋಹ ಕೆದರಿರುತ್ತದೆ. ಇಸವಿಯಲ್ಲೇ ಇನ್ನೊಂದು 9 ಇದೆಯಲ್ಲ, ಎರಡನೇ ಅಂಕಿ? ಕೊನೆಯದನ್ನು ಅದರ ಜೊತೆ ಹೋಲಿಸಿ. ಹೊಟ್ಟೆ, ಬಾಲ ಹೊಂದದಿದ್ದರೆ ಇಟ್ಟು ಬನ್ನಿ.

ಎರಡನೇ ಬಗೆ ಪೂರ್ತಿ ನಕಲಿ. ಅದಕ್ಕೆ ನಾನೇ ಬಿದ್ದಿದ್ದೇನೆ. ಕೆಲವು ವರ್ಷಗಳ ಹಿಂದೆ ಆನ್‌ಲೈನ್‌ನಲ್ಲಿ ಒಬ್ಬರು '1939, ತಾತನ ಕಾಲದ್ದು, ಬೆಲೆ ಗೊತ್ತಿಲ್ಲ, ಅರ್ಜೆಂಟ್' ಅಂತ 8,000ಕ್ಕೆ ಹಾಕಿದ್ದರು. ಪಾಪ, ಅವರಿಗೆ ಗೊತ್ತಿಲ್ಲ ಅಂತ ನಾನು ಒಳಗೊಳಗೇ ಖುಷಿಪಟ್ಟೆ. ಬಂತು. ತೂಕ 11.66, ಕರಾರುವಾಕ್ಕು. ಅಯಸ್ಕಾಂತಕ್ಕೂ ಅಂಟಲಿಲ್ಲ. ಆದರೂ ಟೇಬಲ್ ಮೇಲೆ ಬಿದ್ದಾಗ ಸದ್ದು ಸರಿ ಬರಲಿಲ್ಲ. ಆಮೇಲೆ ನೀರಿನ ಪರೀಕ್ಷೆ ಮಾಡಿದೆ. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ಹೊಲಿಗೆ ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಗಲದಂತೆ ನೀರಿನೊಳಗೆ ಇಳಿಬಿಡಿ. ಈ ಬೆರಕೆಯ ಬೆಳ್ಳಿಯಾದರೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸಬೇಕು. ನನ್ನದು 1.31 ತೋರಿಸಿತು. ತಾಮ್ರ, ನಿಕಲ್ ಸೇರಿದ ಲೋಹ. ಮಾರಿದವರಿಗೆ ಫೋನ್ ಮಾಡಿದೆ, ಅಷ್ಟರಲ್ಲಿ ನನ್ನ ನಂಬರ್ ಬ್ಲಾಕ್ ಆಗಿತ್ತು. ಆ ಬಿಲ್ಲೆ ಈಗಲೂ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ.

ಎಲ್ಲಿ ಕೊಳ್ಳುವುದು ಮೇಲು?

ಪ್ರದರ್ಶನದಲ್ಲಿ ನಾಣ್ಯ ಕೈಗೆ ಸಿಗುತ್ತದೆ, ಹತ್ತು ಟೇಬಲ್ ಹೋಲಿಸಬಹುದು, ಚೌಕಾಸಿಯೂ ನಡೆಯುತ್ತದೆ. ಮೊದಲ ಖರೀದಿಗೆ ನನ್ನ ಮತ ಇದಕ್ಕೇ. ಬೆಂಗಳೂರಿನಲ್ಲಿ ಕನ್ನಡನಾಡು ನಾಣ್ಯ ಸಂಘದವರು ನಡೆಸುವ 'ನಾಣ್ಯದರ್ಶಿನಿ'ಗೆ ಸುಮ್ನೆ ನೋಡಲಾದರೂ ಹೋಗಿ ಬನ್ನಿ. ಕೊನೆಯ ದಿನ ಮಧ್ಯಾಹ್ನ ಬೆಲೆ ಸ್ವಲ್ಪ ಸಡಿಲವಾಗುತ್ತದೆ, ಒಳ್ಳೆಯ ಸರಕು ಮಾತ್ರ ಮೊದಲ ದಿನವೇ ಖಾಲಿ.

ಲಕ್ಷದ ನಾಣ್ಯಕ್ಕೆ ಹರಾಜು ಮೇಲು, ಏಕೆಂದರೆ ಬರವಣಿಗೆಯಲ್ಲಿ ವಿವರ ಇರುತ್ತದೆ, ನಕಲಿ ಎಂದು ಗೊತ್ತಾದರೆ ಕೇಳಲು ಒಂದು ವಿಳಾಸ ಇರುತ್ತದೆ. ಸಾವಿರ ಎರಡು ಸಾವಿರದ ನಾಣ್ಯಕ್ಕೆ ಪ್ರೀಮಿಯಂ, ಕೊರಿಯರ್ ಕೊಟ್ಟು ಹರಾಜಿಗೆ ಹೋಗುವುದು ದಂಡ.

ಆನ್‌ಲೈನ್‌ನಲ್ಲಿ ಅಪರಿಚಿತರಿಂದ? ನನ್ನ 8,000 ಉತ್ತರ ಹೇಳಿದೆ. ಇನ್ನು 'ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ 10 ಲಕ್ಷ' ಅನ್ನುವ ಜಾಹೀರಾತುಗಳಿವೆಯಲ್ಲ, ಅವುಗಳ ಉದ್ದೇಶ ನಿಮ್ಮ ನಾಣ್ಯ ಕೊಳ್ಳುವುದಲ್ಲ, ನಿಮ್ಮಿಂದ ನೋಂದಣಿ ಶುಲ್ಕ, ಕಮಿಷನ್, ತೆರಿಗೆ ಅಂತ ಕೀಳುವುದು. ತನ್ನ ಹೆಸರು ಹೇಳಿಕೊಂಡು ಹೀಗೆ ವಸೂಲಿ ಮಾಡುತ್ತಿದ್ದಾರೆ, ತಾನು ಇಂಥ ವ್ಯವಹಾರ ಮಾಡುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿತ್ತು. ರಾಮ, ಸೀತೆ, ಹನುಮಂತನ ಚಿತ್ರ ಒಂದು ಕಡೆ, 'ಈಸ್ಟ್ ಇಂಡಿಯಾ ಕಂಪನಿ 1818' ಇನ್ನೊಂದು ಕಡೆ ಇರುವ ಬಿಲ್ಲೆಗಳೂ ಅಷ್ಟೇ. ಕಂಪನಿ ಅಂಥದ್ದನ್ನು ಟಂಕಿಸಲೇ ಇಲ್ಲ. ಅಕ್ಕಿ ಎಳೆಯುತ್ತದೆ ಅಂತ 'ರೈಸ್ ಪುಲ್ಲಿಂಗ್' ಹೆಸರಿನಲ್ಲಿ ಇಂಥವನ್ನೇ ತೋರಿಸಿ ನಮ್ಮ ರಾಜ್ಯದಲ್ಲೇ ಎಷ್ಟು ಜನ ಹೊಲ ಮಾರಿ ದುಡ್ಡು ಕಳೆದುಕೊಂಡಿದ್ದಾರೋ.

ಟಿಪ್ಪು ನಾಣ್ಯಕ್ಕೆ ಲೆಕ್ಕ ಬೇರೆ

ಯಂತ್ರದಲ್ಲಿ ಅಚ್ಚಾದ ರೂಪಾಯಿಗಳನ್ನು ಒಂದಕ್ಕೊಂದು ಹೋಲಿಸಬಹುದು. ಟಿಪ್ಪುವಿನ ಆನೆ ಛಾಪಿನ ತಾಮ್ರದ ಪೈಸೆ ಕೈಯಲ್ಲಿ ಸುತ್ತಿಗೆ ಏಟು ಹಾಕಿ ಮಾಡಿದ್ದು, ಒಂದರಂತೆ ಒಂದಿಲ್ಲ. ಒಂದರಲ್ಲಿ ಆನೆಯ ಸೊಂಡಿಲು ಬಿಲ್ಲೆಯಿಂದ ಹೊರಗೆ ಹೋಗಿರುತ್ತದೆ, ಇನ್ನೊಂದರಲ್ಲಿ ಟಂಕಸಾಲೆಯ ಹೆಸರು ಅರ್ಧ. ಇಲ್ಲಿ ಸವೆತಕ್ಕಿಂತ ಛಾಪು ನಡುವೆ ಕೂತಿದೆಯಾ, ಟಂಕಸಾಲೆ ಮತ್ತು ಇಸವಿ ಓದಲು ಸಿಗುತ್ತದೆಯಾ ಅನ್ನುವುದೇ ಬೆಲೆ. ಶ್ರೀರಂಗಪಟ್ಟಣದ 'ಪಟನ್' ಪೈಸೆಗಳು ಹೇರಳ. ಸಣ್ಣ ಟಂಕಸಾಲೆಗಳದ್ದು ಸಿಗುವುದು ಕಷ್ಟ. ಟಿಪ್ಪು ಆಮೇಲೆ ಮೌಲೂದಿ ಶಕೆ ಅಂತ ಬೇರೆಯೇ ವರ್ಷದ ಎಣಿಕೆ ತಂದು, ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1215 ಇದ್ದರೆ ನಮಗೆ 5121 ಅಂತ ಕಾಣುತ್ತದೆ. ಇದು ಗೊತ್ತಿಲ್ಲದೆ 'ವಿಚಿತ್ರ ಇಸವಿ, ಭಾರೀ ರೇರ್' ಅಂತ ಮಾರುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ. 'ಹೈದರಿ' ಅಂದರೆ ಅವನ ಎರಡು ರೂಪಾಯಿಯ ದೊಡ್ಡ ಬೆಳ್ಳಿ ನಾಣ್ಯ. ಅದನ್ನು ಟೇಬಲ್ ಮೇಲೆ ನೋಡಿ ಕೊಳ್ಳುವ ಸಾಹಸ ಮಾಡಬೇಡಿ. ಒಳ್ಳೆಯ ಹರಾಜು, ಹಳೆಯ ಮಾಲೀಕತ್ವದ ದಾಖಲೆ, ಎರಡೂ ಬೇಕು.

ಕಾನೂನಿನ ಒಂದು ವಿಷಯ, ಮುಖ್ಯವಾಗಿ ಹೊರದೇಶದಲ್ಲಿರುವ ಕನ್ನಡಿಗರಿಗೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಊರಿಗೆ ಬಂದಾಗ ಕೊಂಡು ಸೂಟ್‌ಕೇಸಿನಲ್ಲಿಟ್ಟುಕೊಂಡು ಹೊರಡಬೇಡಿ. ನಮ್ಮ ಹಂದಿ ರೂಪಾಯಿಯೂ 2011ಕ್ಕೇ ನೂರು ದಾಟಿದೆ. ಆದ್ದರಿಂದ ಇಲ್ಲಿ ಕೊಂಡು ಅಮೆರಿಕಕ್ಕೆ ಕಳಿಸಿ ಸ್ಲ್ಯಾಬ್ ಮಾಡಿಸೋಣ ಅನ್ನುವ ಲೆಕ್ಕವೂ ನಡೆಯುವುದಿಲ್ಲ. ಹೊಲ ಉಳುವಾಗ ಸಿಕ್ಕಿದ್ದು ಅಂತ ಯಾರಾದರೂ ತಂದರೆ ಅದು ನಿಧಿ ಕಾನೂನಿಗೆ ಬರುತ್ತದೆ. ಬೆಲೆ ಎಷ್ಟೇ ಕಡಿಮೆ ಇರಲಿ, ಮುಟ್ಟಬೇಡಿ.

ಮತ್ತೆ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಹಿರಿಯರ ಟೇಬಲ್‌ಗೆ ಮೂರನೇ ಸಲ ಹೋದಾಗ ಅವರೇ ನಕ್ಕು ಸ್ಟೂಲ್ ಎಳೆದುಕೊಟ್ಟರು. ನಾನು 3,800 ಅಂದೆ. ಅವರು ಮಾತಾಡಲಿಲ್ಲ, ನಾಣ್ಯವನ್ನು ಕವರ್‌ಗೆ ಹಾಕಿ ಪಕ್ಕಕ್ಕಿಟ್ಟರು. 4,000 ಅಂದೆ. "ಇನ್ನೂರು ಸೇರಿಸಿ ಕೊಡಿ, ಬಿಲ್ ಬರೆದುಕೊಡ್ತೀನಿ" ಅಂದರು. ಬಿಲ್‌ನಲ್ಲಿ ಬರೀ 'ಹಳೇ ನಾಣ್ಯ' ಅಂತ ಬೇಡ, ಇಸವಿ, ಟಂಕಸಾಲೆ, ಗ್ರೇಡ್ ಎಲ್ಲಾ ಬರೆಯಿರಿ ಅಂತ ಕೇಳಿದೆ. ಬರೆದರು. 4,200 ಕೊಟ್ಟೆ.

ಹೊರಗೆ ಕಾಫಿ ಕುಡಿಯುತ್ತಾ ತಂಗಿಯ ಮಗನ ಕೈಗೆ ನಾಣ್ಯವನ್ನೂ ಭೂತಗನ್ನಡಿಯನ್ನೂ ಕೊಟ್ಟೆ. ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದ. ಕಾಫಿ ತಣ್ಣಗಾಗುತ್ತಿತ್ತು.

"ಮಾಮ," ಅಂದ, "ಹಂದಿನೇ ಇದು."